ಲಿಫ್ಟಿಗೆ ಹತ್ತಿದ ಚಟ

ಅವರು ವಿಜ್ಞಾನಿಯಲ್ಲ ಎಂಬ ಸಂಗತಿ ಅವರಿಗೆ, ಅವರ ಹೆಂಡತಿಗೆ ಮತ್ತು ಅವರಿಗೆ ಸಂಬಳ ಕೊಡುವ ಕಚೇರಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕೆಲಸ ಸಂಶೋಧನಾ ಸಂಸ್ಥೆಯಲ್ಲಿ ಎಂಬುದೇನೋ ನಿಜ. ಆದರೆ ಖರೀದಿ ವಿಭಾಗದಲ್ಲಿ. ವೈರು, ಸ್ಕ್ರೂ, ಬಲ್ಬು, ಕಕ್ಕಸಿಗೆ ಹಾಕುವ ಫಿನಾಯಿಲು, ಇವನ್ನೆಲ್ಲ ನಾಲ್ಕು ಅಂಗಡಿಗಳಲ್ಲಿ ದರ ವಿಚಾರಿಸಿ ತರಿಸುವುದು ಅವರ ಪಾಲಿನ ವಿಜ್ಞಾನ. ಸಂಸ್ಥೆಯ ಗುರುತಿನ ಚೀಟಿಯನ್ನು ಕೊರಳಿಗೆ ನೇತುಹಾಕಿಕೊಂಡೇ ಮನೆಗೆ ಬರುತ್ತಿದ್ದರು. ಒಂದು ಸಂಜೆ ಲಿಫ್ಟಿನಲ್ಲಿ ಯಾರೋ ಅದನ್ನು ಓದಿ, "ಓಹೋ, ವಿಜ್ಞಾನಿಗಳು!" ಎಂದರು. ಅಲ್ಲ ಎನ್ನಬೇಕಾಗಿತ್ತು. ಬಾಯಿ ತೆರೆಯುವಷ್ಟರಲ್ಲಿ ಎರಡನೇ ಮಹಡಿ ಬಂತು, ಇಳಿದುಬಿಟ್ಟರು. ಅಂದಿನಿಂದ ಇಡೀ ಕಟ್ಟಡಕ್ಕೆ ಅವರು ವಿಜ್ಞಾನಿಗಳು. ನಾವೂ ಹಾಗೇ ಕರೆಯೋಣ, ಮರ್ಯಾದೆ ಕೊಡಲು ನಮ್ಮ ಗಂಟೇನು ಹೋಗಬೇಕು?

ಇದೇನೂ ದೊಡ್ಡ ಪಾಪವಲ್ಲ. ದೊಡ್ಡದು ಇನ್ನೊಂದಿತ್ತು.

ಹಿಂದಿನ ವರ್ಷ ವಿಜ್ಞಾನಿಗಳಿಗೆ ಕೆಮ್ಮು ಹತ್ತಿ, ಡಾಕ್ಟರು ಎದೆಗೆ ಕೊಳವೆ ಇಟ್ಟು ನೋಡಿ, "ಸಿಗರೇಟು ಬಿಡ್ತೀರೋ, ನನ್ನ ಹತ್ರ ಬರೋದು ಬಿಡ್ತೀರೋ?" ಎಂದು ಕೇಳಿದ್ದರು. ಜೊತೆಗೆ ಹೋಗಿದ್ದ ಹೆಂಡತಿ ಮನೆಗೆ ಬಂದು ಅದೇ ಮಾತು ಹಿಡಿದುಕೊಂಡರು. ವಿಜ್ಞಾನಿಗಳು ಜಾಣತನದಿಂದ, "ಹೇಳೋದು ಸುಲಭ. ನೀನು ಕಾಫಿ ಬಿಡು ನೋಡೋಣ" ಎಂದರು. ಆಕೆಗೆ ಕಾಫಿ ಎಂದರೆ ಪ್ರಾಣ. ಬೆಳಿಗ್ಗೆ ಕಾಫಿ ಗಂಟಲಿಗಿಳಿಯುವ ತನಕ ಆಕೆ ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಆದರೆ ಅವತ್ತು ಕೈಯಲ್ಲಿದ್ದ ಲೋಟವನ್ನು ಸಿಂಕಿಗೆ ಬಗ್ಗಿಸಿ, "ಬಿಟ್ಟೆ. ಈಗ ನೀವು" ಎಂದರು. ಮಾತು ವಾಪಸ್ಸು ತೆಗೆದುಕೊಳ್ಳಲು ವಿಜ್ಞಾನಿಗಳಿಗೆ ಜಾಗವೇ ಉಳಿಯಲಿಲ್ಲ. ಪ್ಯಾಕೆಟ್ಟನ್ನು ಆಕೆಯ ಎದುರಿಗೇ ಮುರಿದು ಹಾಕಿದರು.

ಆಕೆ ಅವತ್ತಿನಿಂದ ಬೆಳಿಗ್ಗೆ ಒಂದು ಲೋಟ ಬಿಸಿನೀರು ಹಿಡಿದು, ಔಷಧಿ ಕುಡಿಯುವವರ ಮುಖ ಮಾಡಿಕೊಂಡು ಕಿಟಕಿಯ ಹತ್ತಿರ ಕೂರುತ್ತಿದ್ದರು. ವಿಜ್ಞಾನಿಗಳು ಒಂದು ವಾರ ತಡೆದರು. ಆಮೇಲೆ ಅವರಿಗೆ ನೀರಿನ ಟ್ಯಾಂಕಿನ ಮೇಲೆ ಎಲ್ಲಿಲ್ಲದ ಕಾಳಜಿ ಹುಟ್ಟಿತು.

ಟ್ಯಾಂಕು ಇದ್ದದ್ದು ಏಳು ಮಹಡಿ ದಾಟಿ ತಾರಸಿಯ ಮೇಲೆ. ಕಾಂಕ್ರೀಟಿನ ದೊಡ್ಡ ಟ್ಯಾಂಕು, ಅದರ ಹಿಂದೆ ಒಬ್ಬರು ನಿಲ್ಲುವಷ್ಟು ಸಂದು. "ಟ್ಯಾಂಕಿ ನೋಡ್ಕೊಂಡು ಬರ್ತೀನಿ ಕಣೇ" ಎಂದು ಬೆಳಿಗ್ಗೆ ಹೋಗುವುದು, ತಿಂಡಿಯಾದ ಮೇಲೆ ಹೋಗುವುದು, ಕಚೇರಿಯಿಂದ ಬಂದ ತಕ್ಷಣ ಹೋಗುವುದು, ಊಟಕ್ಕೆ ಮುಂಚೆ ಇನ್ನೊಂದು ಸಲ. ಇಳಿದು ಬರುವಾಗ ಬಾಯಲ್ಲಿ ಪೆಪ್ಪರ್‌ಮಿಂಟು. "ಎಷ್ಟು ನಿಸ್ವಾರ್ಥ ಸೇವೆ!" ಎಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಸಭೆಯಲ್ಲಿ ಹೊಗಳಿ ಚಪ್ಪಾಳೆ ಹೊಡೆಸಿದರು. ಹೆಂಡತಿಯೂ ಚಪ್ಪಾಳೆ ತಟ್ಟಿದರು.

ಅದೇ ಸಭೆಯಲ್ಲಿ ಲಿಫ್ಟಿನ ವಿಷಯ ಬಂತು. ಅಲ್ಲಿರುವುದು ಎದುರುಬದುರಾಗಿ ಎರಡು ಕಟ್ಟಡ. ವಿಜ್ಞಾನಿಗಳದು ಈಚೆಯದು, ಕಾರ್ಯದರ್ಶಿಯದು ಆಚೆಯದು. ನೀರಿನ ಟ್ಯಾಂಕು ಎರಡಕ್ಕೂ ಈಚೆಯದೊಂದೇ. ಒಂದೊಂದಕ್ಕೆ ಒಂದೊಂದು ಲಿಫ್ಟು. ಕೆಳಗೆ ಜನ ಕಾಯುತ್ತಿದ್ದರೆ ಲಿಫ್ಟು ಮೇಲೆ, ಮೇಲೆ ಕಾಯುತ್ತಿದ್ದರೆ ಕೆಳಗೆ.

"ವಿಜ್ಞಾನಿಗಳೇ, ಇದಕ್ಕೆ ನಿಮ್ಮ ಸಂಸ್ಥೆಯಲ್ಲಿ ಏನಾದ್ರೂ ಪರಿಹಾರ ಇದೆಯಾ?" ಎಂದು ಕಾರ್ಯದರ್ಶಿ ಕೇಳಿದರು.

ಅವತ್ತು ತಾನೇ ವಿಜ್ಞಾನಿಗಳು ಒಂದು ಪಾರ್ಸಲ್ಲಿಗೆ ಸಹಿ ಹಾಕಿದ್ದರು. ಅದರ ಮೇಲಿದ್ದ ಹೆಸರು ನಾಲಿಗೆಯ ತುದಿಯಲ್ಲೇ ಇತ್ತು. "ಮೆಮ್ರಿಸ್ಟರ್" ಎಂದುಬಿಟ್ಟರು.

ಸಭೆ ಕುರ್ಚಿ ಮುಂದಕ್ಕೆಳೆದುಕೊಂಡಿತು.

"ಅದು... ನೆನಪಿಟ್ಕೊಳ್ಳುತ್ತೆ" ಎಂದು ವಿಜ್ಞಾನಿಗಳು ಮುಂದುವರಿಸಿದರು. ಅವರಿಗೆ ಅದರ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಅಷ್ಟಕ್ಕೇ ಸಂಘ ಸರ್ವಾನುಮತದಿಂದ ಜವಾಬ್ದಾರಿಯನ್ನು ಅವರ ಹೆಗಲಿಗೆ ಹೊರಿಸಿತು.

ಮಾರನೇ ದಿನ ಆ ಪಾರ್ಸಲ್ ತರಿಸಿದ್ದ ಸಂಶೋಧಕಿಯ ಮುಂದೆ ವಿಜ್ಞಾನಿಗಳು ತಲೆ ಕೆರೆದುಕೊಂಡು ನಿಂತರು. ಆಕೆ ವೈರು ತಡವಾಯಿತು ಎಂದು ತಿಂಗಳಿಗೊಮ್ಮೆ ಖರೀದಿ ವಿಭಾಗಕ್ಕೆ ಬಂದು ಜಗಳವಾಡುವ ಹೆಂಗಸು. ಬೈಯುತ್ತಾಳೆ ಎಂದುಕೊಂಡರೆ ಕುರ್ಚಿಯಿಂದ ಎದ್ದೇಬಿಟ್ಟಳು.

"ಎರಡು ಲಿಫ್ಟಾ? ಎದುರುಬದುರಾ? ನಿಜವಾದ ಜನ ಓಡಾಡ್ತಾರಾ?"

"ಓಡಾಡ್ತಾರೆ ಮೇಡಂ, ಅದೇ ತೊಂದರೆ."

ವಾರದೊಳಗೆ ಎರಡು ಪೆಟ್ಟಿಗೆ ಬಂದವು. ಈಚೆ ಲಿಫ್ಟಿನ ಮೆಷಿನ್ ಕೋಣೆಯಲ್ಲಿ ಒಂದು, ಆಚೆಯದರಲ್ಲಿ ಒಂದು, ನಡುವೆ ತಂತಿ. ಸಂಶೋಧಕಿ ವಿಜ್ಞಾನಿಗಳಿಗೂ ಕಾರ್ಯದರ್ಶಿಗೂ ಬಿಡಿಸಿ ಹೇಳಿದಳು. "ಇದರೊಳಗೆ ಸಾವಿರಾರು ಮೆಮ್ರಿಸ್ಟರ್ ಇವೆ, ಮಿದುಳಿನ ನರಗಳ ಥರ ಹೆಣೆದಿದ್ದೀವಿ. ಕರೆಂಟು ಒಂದು ಸಲ ಹರಿದ ಹಾದಿ ಮುಂದಿನ ಸಲಕ್ಕೆ ಇನ್ನಷ್ಟು ಸಲೀಸಾಗುತ್ತೆ. ಹುಲ್ಲಿನ ಮೇಲೆ ಜನ ಓಡಾಡಿ ಓಡಾಡಿ ಕಾಲುದಾರಿ ಬೀಳಲ್ವಾ, ಹಾಗೆ. ಸ್ವಿಚ್ಚು ಆರಿಸಿದರೂ ಆ ದಾರಿ ಅಳಿಸಿಹೋಗಲ್ಲ. ಯಾವ ಹೊತ್ತಿಗೆ ಯಾವ ಮಹಡಿಗೆ ಲಿಫ್ಟು ಬೇಕು ಅಂತ ತಾನೇ ಕಲಿಯುತ್ತೆ."

"ಆಚೆ ಪೆಟ್ಟಿಗೆ?"

"ಅದು ಇದರ ಹಿಂಬಾಲಕ. ಇದು ಕಲಿತದ್ದನ್ನ ಅದೂ ಕಲಿತು, ಎರಡೂ ಒಂದೇ ತಾಳಕ್ಕೆ ಬರಬೇಕು. ಸಿಂಕ್ರೊನೈಸೇಷನ್. ನಾನು ತೋರಿಸಬೇಕಾಗಿರೋದು ಅದನ್ನೇ."

"ಅದಕ್ಕೆ ಒಳ್ಳೇದು ಕೆಟ್ಟದ್ದು ಗೊತ್ತಾಗುತ್ತಾ?" ಎಂದು ಕಾರ್ಯದರ್ಶಿ ಕೇಳಿದರು.

"ಇಲ್ಲ ಸಾರ್. ಹೆಚ್ಚು ಸಲ ಆಗಿದ್ದು ಯಾವುದು ಅಂತ ಗೊತ್ತಾಗುತ್ತೆ."

ವಿಜ್ಞಾನಿಗಳು ಎಲ್ಲಾ ಅರ್ಥವಾದವರ ಹಾಗೆ ತಲೆದೂಗಿ, ಟ್ಯಾಂಕಿ ನೋಡಿಕೊಂಡು ಬರಲು ಮೇಲೆ ಹೋದರು.

ಮೊದಮೊದಲು ಎಲ್ಲ ಸೊಗಸಾಗಿತ್ತು. ಜನ ಬಾಗಿಲು ತೆರೆದರೆ ಲಿಫ್ಟು ಬಂದು ನಿಂತಿರುತ್ತಿತ್ತು. ವಿಜ್ಞಾನಿಗಳಿಗೆ ಬೀದಿಯಲ್ಲಿ ನಮಸ್ಕಾರಗಳು ಹೆಚ್ಚಿದವು. ಆದರೆ ಕಟ್ಟಡದಲ್ಲಿ ಉಳಿದವರೆಲ್ಲ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇಲ್ಲದ ಸಾಮಾನ್ಯ ಮನುಷ್ಯರು. ಒಬ್ಬ ಬೇಗ ಎದ್ದ, ಒಬ್ಬಳು ರಜೆ ಹಾಕಿದಳು. ದಿನ ತಪ್ಪದೆ, ಹೊತ್ತು ತಪ್ಪದೆ, ಶಿಸ್ತಿನಿಂದ ಒಂದೇ ಕಡೆಗೆ ಹೋಗುತ್ತಿದ್ದವರು ಇಡೀ ಕಟ್ಟಡದಲ್ಲಿ ಒಬ್ಬರೇ. ಪೆಟ್ಟಿಗೆ ಅವರನ್ನೇ ಗುರುವಾಗಿ ಸ್ವೀಕರಿಸಿತು. ಹಿಂಬಾಲಕ ಪೆಟ್ಟಿಗೆ ಗುರುವಿನ ಮುಖ ಕಾಣದಿದ್ದರೂ ಪಾಠ ಒಪ್ಪಿಸತೊಡಗಿತು.

ಒಂದು ಬೆಳಿಗ್ಗೆ ಕಾರ್ಯದರ್ಶಿ ಬ್ಯಾಗು ಹಿಡಿದು ಆಚೆ ಲಿಫ್ಟು ಹತ್ತಿ ಕೆಳಗಿನ ಬಟನ್ ಒತ್ತಿದರು. ಲಿಫ್ಟು ಮೇಲೆ ಹೋಯಿತು. ತಾರಸಿಯಲ್ಲಿ ಬಾಗಿಲು ತೆರೆದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಅವರನ್ನು ಇಳಿಸಿತು. ಮರುದಿನ ಅದೇ ಹೊತ್ತಿಗೆ ಮತ್ತೆ ಹಾಗೇ. ತಿಂಡಿಯ ಹೊತ್ತಿನಲ್ಲಿ ಅವರ ಅತ್ತೆಯನ್ನು ಕರೆದೊಯ್ದಿತು. ಐದನೇ ಮಹಡಿಯ ನಿವೃತ್ತ ಹೆಡ್‌ಮಾಸ್ಟರರನ್ನು ಊಟಕ್ಕೆ ಮುಂಚೆ ಒಂದು ಸಲ ಗಾಳಿ ಸೇವನೆಗೆ ಒಯ್ದಿತು. ಆ ಹೊತ್ತುಗಳಲ್ಲಿ ಆಚೆ ಕಟ್ಟಡದಲ್ಲಿ ಯಾರು ಎಲ್ಲಿಗೆ ಹೊರಟರೂ ಮೊದಲು ತಾರಸಿ ಮುಟ್ಟಿಯೇ ಹೋಗಬೇಕಾಯಿತು.

"ಲಿಫ್ಟು ಕೆಟ್ಟಿದೆ" ಎಂದರು ಕಾರ್ಯದರ್ಶಿ, ಒಂದು ಬೆಳಿಗ್ಗೆ ಹೆಡ್‌ಮಾಸ್ಟರರ ಜೊತೆ ತಾರಸಿಯಲ್ಲಿ ನಿಂತು.

ಹೆಡ್‌ಮಾಸ್ಟರರು ಬೆರಳೆತ್ತಿದರು. "ಕೆಟ್ಟ ಯಂತ್ರ ಹೊತ್ತಿಗೆ ಸರಿಯಾಗಿ ಕೆಡುತ್ತೇನ್ರೀ? ಅದಕ್ಕೆ ಬುದ್ಧಿ ಇದೆ ಅಂತ ತಾನೇ ತಂದಿದ್ದು? ನಮ್ಮನ್ನ ಕರ್ಕೊಂಡು ಬಂದು ಬಾಗಿಲು ತೆಗೆದು ನಿಲ್ಲಿಸ್ತಿದೆ. ಅಂದ್ಮೇಲೆ ಏನೋ ತೋರಿಸ್ತಿದೆ. ನೋಡಿ, ಎದುರಿಗೆ ಏನಿದೆ?"

ಎದುರಿಗೆ ಈಚೆ ಕಟ್ಟಡದ ತಾರಸಿ. ಅದರ ಮೇಲೆ ಟ್ಯಾಂಕು.

ಇಬ್ಬರೂ ನೋಡುತ್ತ ನಿಂತಂತೆಯೇ ಟ್ಯಾಂಕಿನ ಹಿಂದಿನಿಂದ ತೆಳ್ಳಗೆ ಒಂದು ಎಳೆ ಹೊಗೆ ಎದ್ದು, ಸುರುಳಿ ಸುತ್ತಿ, ಗಾಳಿಯಲ್ಲಿ ಕರಗಿತು.

ಕಾರ್ಯದರ್ಶಿ ಬ್ಯಾಗು ಕೆಳಗೆ ಬೀಳಿಸಿದರು. "ಅಯ್ಯೋ, ಟ್ಯಾಂಕಿ ಹೊಗೆಯಾಡ್ತಿದೆ!"

ಮೆಟ್ಟಿಲಿಳಿದು, ಅಂಗಳ ದಾಟಿ, ಈಚೆ ಕಟ್ಟಡಕ್ಕೆ ಓಡಿಬಂದರೆ ಲಿಫ್ಟಿನಿಂದ ಕಚೇರಿಗೆ ಹೊರಟ ವಿಜ್ಞಾನಿಗಳು ಪೆಪ್ಪರ್‌ಮಿಂಟು ಚೀಪುತ್ತ ಇಳಿದರು.

"ಸಾರ್, ಮೇಲಿಂದ ಬಂದ್ರಾ? ಟ್ಯಾಂಕಿ ಹಿಂದೆ ಹೊಗೆ ನೋಡಿದ್ರಾ?"

ವಿಜ್ಞಾನಿಗಳ ಪೆಪ್ಪರ್‌ಮಿಂಟು ಗುಳುಕ್ಕನೆ ನುಂಗಿಹೋಯಿತು. "ಹೊ... ಹೊಗೆ?"

"ನಾನೇ ಕಣ್ಣಾರೆ ನೋಡ್ದೆ. ಪೆಟ್ಟಿಗೆ ನಮ್ಮನ್ನ ದಿನಾ ಮೇಲಕ್ಕೆ ಎಳ್ಕೊಂಡು ಹೋಗಿ ಅದನ್ನೇ ತೋರಿಸ್ತಿದೆ. ನಿಮಗೂ ಮೊದಲೇ ಅನುಮಾನ ಇತ್ತು ಅಲ್ವಾ? ಅದಕ್ಕೇ ತಾನೇ ದಿನಕ್ಕೆ ಅಷ್ಟು ಸಲ ಹೋಗಿ ನೋಡ್ತಿದ್ದಿದ್ದು? ನಿಜ ಹೇಳಿ!"

ನಿಜ ಹೇಳಲು ಅದು ಸುಸಂದರ್ಭ. ಆದರೆ ಹಿಂದೆಯೇ ಹೆಂಡತಿ ತರಕಾರಿ ಚೀಲ ಹಿಡಿದು ಬರುತ್ತಿದ್ದರು. ವಿಜ್ಞಾನಿಗಳು ಆಕೆಯನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ, "ಈಗಲೇ ಖಚಿತವಾಗಿ ಏನೂ ಹೇಳಕ್ಕಾಗಲ್ಲ" ಎಂದರು.

ವಿಜ್ಞಾನಿ ಅನ್ನಿಸಿಕೊಂಡವರು ಆಡಬಾರದ ಮಾತೊಂದಿದ್ದರೆ ಇದೇ. ಸಂಜೆಯೊಳಗೆ ಎರಡೂ ಕಟ್ಟಡಗಳಲ್ಲಿ ಸುದ್ದಿ ಕಾಲು ಬಾಲ ಬೆಳೆಸಿಕೊಂಡಿತು. ಕಾಂಕ್ರೀಟು ಒಳಗೊಳಗೇ ಬೇಯುತ್ತಿದೆಯಂತೆ. ನೀರಿಗೆ ಯಾವುದೋ ಅನಿಲ ಸೇರಿದೆಯಂತೆ. ಯಂತ್ರಕ್ಕೆ ಗೊತ್ತಾಗಿದೆ, ವಿಜ್ಞಾನಿಗಳಿಗೂ ಗೊತ್ತು, ಜನ ಹೆದರುತ್ತಾರೆಂದು ಬಾಯಿ ಬಿಡುತ್ತಿಲ್ಲವಂತೆ. ನೀರು ವಿಷವಾಗಿದೆ ಎಂದು ನಂಬಿದವರೂ ಆ ನೀರನ್ನೇ ಬಕೆಟ್ಟು, ಪಾತ್ರೆ, ಮಗುವಿನ ಟಬ್ಬುಗಳಲ್ಲಿ ತುಂಬಿಟ್ಟುಕೊಂಡರು. ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದ್ದರಿಂದ ಟ್ಯಾಂಕು ಬರಿದಾಗಿ ನಲ್ಲಿಗಳು ಗೊರಗೊರ ಎಂದವು. "ಕೇಳಿದ್ರಾ ಶಬ್ದ?" ಎಂದು ಹೆಡ್‌ಮಾಸ್ಟರರು ಕಿವಿ ಒಡ್ಡಿದರು.

ವಿಜ್ಞಾನಿಗಳು ಹೆದರಿ ತಾರಸಿಯ ದಾರಿಯನ್ನೇ ಬಿಟ್ಟರು. ಮೆಟ್ಟಿಲಿನಲ್ಲೇ ಮನೆಗೆ ಹತ್ತಿಳಿದರು. ಪ್ರಯೋಜನವಾಗಲಿಲ್ಲ. ಅವರ ಹೊತ್ತು ಬಂದ ಕೂಡಲೇ ಈಚೆ ಲಿಫ್ಟು ಖಾಲಿಯಾಗಿ ಎರಡನೇ ಮಹಡಿಗೆ ಬಂದು ಬಾಗಿಲು ತೆರೆದು ಕಾಯುವುದು, ಯಾರೂ ಬರದಿದ್ದರೆ ಒಂಟಿಯಾಗಿ ತಾರಸಿಗೆ ಹೋಗಿಬರುವುದು. ಆಚೆ ಲಿಫ್ಟೂ ಅದರ ಜೊತೆಜೊತೆಗೆ. ನೋಡಿದವರು ಕೈ ಮುಗಿದರು.

ಸಂಶೋಧಕಿ ಬಂದು ಪೆಟ್ಟಿಗೆಗೆ ತನ್ನ ಕಂಪ್ಯೂಟರ್ ತಗುಲಿಸಿ ನೋಡಿ, ವಿಜ್ಞಾನಿಗಳನ್ನು ಪಕ್ಕಕ್ಕೆ ಕರೆದಳು. "ಎರಡು ಪೆಟ್ಟಿಗೆ ಕೂದಲೆಳೆ ವ್ಯತ್ಯಾಸ ಇಲ್ಲದೆ ಹೊಂದ್ಕೊಂಡಿವೆ, ಅದು ನನಗೆ ಖುಷಿ. ಆದರೆ ಈಚೆ ಕಟ್ಟಡದ ಎರಡನೇ ಮಹಡಿಯೋರು ಯಾರೋ ತಾರಸಿಗೆ ಹೋಗೋ ಅಭ್ಯಾಸನ ಅರೆದು ಕುಡಿಸಿಬಿಟ್ಟಿದ್ದಾರೆ. ಬಟನ್ನಿಗಿಂತ ಆ ಅಭ್ಯಾಸವೇ ಬಲ ಆಗಿದೆ. ಸ್ವಲ್ಪ ಹುಡುಕಿಕೊಡ್ತೀರಾ ಅವರನ್ನ?"

"ಹುಡುಕ್ತೀನಿ ಮೇಡಂ" ಎಂದರು ವಿಜ್ಞಾನಿಗಳು. "ಅಂಥೋರನ್ನ ಸುಮ್ಮನೆ ಬಿಡಬಾರದು."

ಅಷ್ಟರಲ್ಲಿ ಕಾರ್ಯದರ್ಶಿಯ ದೂರಿನ ಮೇಲೆ ನೀರು ಸರಬರಾಜು ಕಚೇರಿಯ ಎಂಜಿನಿಯರು ಬಂದಿಳಿದರು. ಆಚೆ ಲಿಫ್ಟು ಹತ್ತಿ, ಅನುಮಾನದಿಂದ ತಾವೇ ನಾಲ್ಕನೇ ಮಹಡಿಯ ಬಟನ್ ಒತ್ತಿದರು. ಲಿಫ್ಟು ಅವರ ಹುದ್ದೆಗೂ ಮರ್ಯಾದೆ ಕೊಡದೆ ತಾರಸಿಗೆ ಒಯ್ದು ಟ್ಯಾಂಕಿನ ಎದುರಿಗೆ ನಿಲ್ಲಿಸಿತು. ಎಂಜಿನಿಯರು ಗಂಭೀರರಾದರು.

"ಹೊಗೆ ಎಲ್ಲಿ?"

"ಎರಡು ದಿನದಿಂದ ನಿಂತಿದೆ ಸಾರ್" ಎಂದರು ಕಾರ್ಯದರ್ಶಿ.

"ನಿಂತಿಲ್ಲ. ಒಳಗೆ ಸೇರ್ಕೊಂಡಿದೆ. ಅದು ಇನ್ನೂ ಅಪಾಯ. ನಾಳೆ ಟ್ಯಾಂಕಿ ಒಡೆಸಿ. ಹೊಸದು ಕಟ್ಟೋವರೆಗೆ ಬೀದಿ ಟ್ಯಾಂಕರಿನಿಂದ ನೀರು ತಗೊಳ್ಳಿ."

ಅವತ್ತು ಸಂಜೆ ಬೀದಿಯಲ್ಲಿ ನೀರಿನ ಲಾರಿ ಬಂದು ನಿಂತಿತು. ಲಿಫ್ಟನ್ನು ನಂಬುವ ಹಾಗಿಲ್ಲ, ಎಲ್ಲರೂ ಮೆಟ್ಟಿಲಲ್ಲೇ. ವಿಜ್ಞಾನಿಗಳು ಕಚೇರಿಯಿಂದ ಬರುವಾಗ ಹೆಂಡತಿ ಎರಡು ಕೈಯಲ್ಲೂ ಬಕೆಟ್ಟು ಹಿಡಿದು, ಮೊದಲ ಮಹಡಿಯ ತಿರುವಿನಲ್ಲಿ ಗೋಡೆಗೊರಗಿ ಏದುಸಿರು ಬಿಡುತ್ತಿದ್ದರು. ಸೀರೆಯ ಅಂಚು ತೊಪ್ಪೆಯಾಗಿತ್ತು. ವಿಜ್ಞಾನಿಗಳು ಬಕೆಟ್ಟುಗಳಿಗೆ ಕೈಹಾಕಿದರು.

"ಬಿಡ್ರೀ, ನಾನೇ ತರ್ತೀನಿ" ಎಂದರು ಆಕೆ. "ನೀವು ಆ ಟ್ಯಾಂಕಿ ಚಿಂತೆಯಲ್ಲಿ ಎಷ್ಟು ಇಳಿದು ಹೋಗಿದ್ದೀರಿ ನೋಡಿ. ಇಷ್ಟೆಲ್ಲಾ ಆದ್ರೂ ಮತ್ತೆ ಸಿಗರೇಟು ಮುಟ್ಟಲಿಲ್ಲವಲ್ಲ, ನನಗೆ ಅದೇ ದೊಡ್ಡದು. ಬೆಳಿಗ್ಗೆ ಪಕ್ಕದ ಮನೆಯಿಂದ ಕಾಫಿ ವಾಸನೆ ಬಂದಾಗಲೆಲ್ಲ ನಿಮ್ಮನ್ನೇ ನೆನೆಸ್ಕೋತೀನಿ. ಅವರ ಕೈಲಿ ಆದದ್ದು ನನ್ನ ಕೈಲಿ ಆಗಲ್ವಾ ಅಂತ."

ವಿಜ್ಞಾನಿಗಳಿಗೆ ನಾಚಿಕೆಯಾಯಿತು. ಎರಡೂ ಬಕೆಟ್ಟನ್ನು ಆಕೆಯ ಕೈಯಿಂದ ಕಿತ್ತುಕೊಂಡರು. ಬಕೆಟ್ಟು ಹೊತ್ತು ಮೇಲೆ ಹೋಗುವಷ್ಟರಲ್ಲಿ ಅರ್ಧ ನೀರು ಅವರ ಪ್ಯಾಂಟಿನ ಮೇಲೇ ಚೆಲ್ಲಿತ್ತು.

ಬೆಳಗಾಯಿತು. ಸುತ್ತಿಗೆ ಹಿಡಿದ ಕೆಲಸಗಾರರು ಬಂದರು. ಅಂಗಳದಲ್ಲಿ ಎರಡು ಕಟ್ಟಡದ ಜನವೂ ಸೇರಿದರು. ಎಂಜಿನಿಯರು ಕೈ ಎತ್ತಿ ಇನ್ನೇನು ಅಪ್ಪಣೆ ಕೊಡಬೇಕು, ವಿಜ್ಞಾನಿಗಳು ಮುಂದೆ ಬಂದು ನಿಂತರು.

"ಸಾರ್, ಟ್ಯಾಂಕಿ ಒಡೀಬೇಡಿ. ಆ ಹೊಗೆ ಟ್ಯಾಂಕಿದಲ್ಲ. ನಂದು."

"ಅಂದ್ರೆ?"

"ನಾನು ಸಿಗರೇಟು ಸೇದ್ತೀನಿ ಸಾರ್. ಟ್ಯಾಂಕಿ ಹಿಂದೆ ನಿಂತ್ಕೊಂಡು. ದಿನಾ. ಲಿಫ್ಟು ನನ್ನಿಂದಲೇ ಕಲಿತಿದ್ದು. ಅದಕ್ಕೆ ಏನೂ ಗೊತ್ತಿಲ್ಲ ಸಾರ್, ಮೇಲಕ್ಕೆ ಹೋಗೋದೊಂದು ಗೊತ್ತು."

ಕೆಲಸಗಾರರು ಸುತ್ತಿಗೆ ಕೆಳಗಿಳಿಸಿದರು. ಹೆಂಡತಿಯ ಕಡೆ ತಿರುಗುವ ಧೈರ್ಯ ವಿಜ್ಞಾನಿಗಳಿಗೆ ಆಗಲಿಲ್ಲ.

ಹೆಡ್‌ಮಾಸ್ಟರರು ಮೊದಲು ಚೇತರಿಸಿಕೊಂಡರು. "ನಂಬಬೇಡಿ! ಜನ ಗಾಬರಿ ಆಗಬಾರದು ಅಂತ ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ. ದೊಡ್ಡ ಮನುಷ್ಯರು!"

"ದೊಡ್ಡ ಮನುಷ್ಯ ಅಲ್ಲ ಸಾರ್. ವಿಜ್ಞಾನಿನೂ ಅಲ್ಲ. ಖರೀದಿ ವಿಭಾಗ. ಫಿನಾಯಿಲು ತರಿಸೋನು."

"ನೋಡಿದ್ರಾ ವಿನಯ?" ಎಂದರು ಕಾರ್ಯದರ್ಶಿ, ಕಣ್ಣು ಒದ್ದೆ ಮಾಡಿಕೊಂಡು.

ಎಂಜಿನಿಯರು ಕೈಯೆತ್ತಿ ಎಲ್ಲರನ್ನೂ ಸುಮ್ಮನಿರಿಸಿದರು. "ನೋಡಿ, ಇಲಾಖೆ ಬಾಯಿಮಾತು ಒಪ್ಪಲ್ಲ. ಹೊಗೆ ನಿಮ್ಮದೇ ಆದ್ರೆ ತೋರಿಸಬೇಕು. ಅದೇ ಜಾಗ, ಅದೇ ಸಿಗರೇಟು. ನಾವೆಲ್ಲ ಆಚೆ ತಾರಸಿಯಲ್ಲಿ ನಿಂತು ಪರಿಶೀಲಿಸ್ತೀವಿ. ಹೊಗೆ ಹೊಂದಿದ್ರೆ ಟ್ಯಾಂಕಿ ಉಳಿಯುತ್ತೆ."

"ಎಲ್ಲರ ಎದುರಿಗಾ?"

"ಸರ್ಕಾರಿ ಪರಿಶೀಲನೆ ಮತ್ತೆ ಹೇಗೆ?"

ಹೀಗೆ ಆ ಮನುಷ್ಯ ಒಂದು ವರ್ಷ ಕದ್ದು ಮಾಡಿದ ಕೆಲಸವನ್ನು ಸರ್ಕಾರದ ಅಪ್ಪಣೆಯಂತೆ ಮಾಡಲು ಹೊರಟರು. ಈಚೆ ಲಿಫ್ಟು ಬಾಗಿಲು ತೆರೆದುಕೊಂಡು ಕಾಯುತ್ತಿತ್ತು. ಬಟನ್ ಒತ್ತುವ ಮೊದಲೇ ಮೇಲೆ ಹೊರಟಿತು. ಆಚೆ ಲಿಫ್ಟೂ ಅದೇ ಗಳಿಗೆಗೆ ಎಂಜಿನಿಯರು, ಕಾರ್ಯದರ್ಶಿ, ಹೆಡ್‌ಮಾಸ್ಟರರು, ಸಂಶೋಧಕಿ ಎಲ್ಲರನ್ನೂ ತುಂಬಿಕೊಂಡು ಎದ್ದಿತು. ಅವರ ನಡುವೆ ಹೆಂಡತಿಯೂ ಹತ್ತಿದ್ದನ್ನು ವಿಜ್ಞಾನಿಗಳು ಬಾಗಿಲು ಮುಚ್ಚುವಾಗ ಕಂಡರು.

ಟ್ಯಾಂಕಿನ ಹಿಂದಿನ ಸಂದಿನಲ್ಲಿ ನಿಂತು ಕಡ್ಡಿ ಗೀರಿದರು. ಮೊದಲನೆಯದು ಆರಿತು. ಎರಡನೆಯದೂ ಆರಿತು. ಆಚೆಯಿಂದ ಎಂಜಿನಿಯರು ಕೂಗಿದರು, "ಏನ್ರೀ, ಶುರು ಮಾಡಿ!" ಮೂರನೆಯದಕ್ಕೆ ಹತ್ತಿತು. ಎಳೆದರು. ಇಷ್ಟು ದಿನ ಪ್ರಾಣ ಹಿಂದಿರುಗಿ ಬಂದ ಹಾಗೆ ಇರುತ್ತಿದ್ದ ಅದು ಅವತ್ತು ಸುಟ್ಟ ಚಿಂದಿಯ ಹಾಗಿತ್ತು. ಹೊಗೆ ಬಿಟ್ಟರು. ತೆಳ್ಳಗಿನ ಎಳೆ ಟ್ಯಾಂಕಿನ ಮೇಲೆ ಎದ್ದು ಸುರುಳಿ ಸುತ್ತಿತು.

"ಅದೇ! ಅದೇ ಹೊಗೆ!" ಎಂದು ಕಾರ್ಯದರ್ಶಿ ಕುಣಿದಾಡಿದರು. ಚಪ್ಪಾಳೆ ಬಿತ್ತು. "ಇನ್ನೊಂದು ಸಲ ಬಿಡಿ, ಖಚಿತ ಆಗಲಿ" ಎಂದರು ಎಂಜಿನಿಯರು. ಇನ್ನೊಂದು ಸಲ ಬಿಟ್ಟರು. ಟ್ಯಾಂಕು ನಿರ್ದೋಷಿ ಎಂದು ಅಲ್ಲೇ ತೀರ್ಮಾನವಾಯಿತು. ಸಂಶೋಧಕಿ ಬಾಯಿಗೆ ಕೈ ಅಡ್ಡ ಹಿಡಿದು, "ಸಾರ್, ಇಷ್ಟು ಚೆನ್ನಾಗಿ ಪಾಠ ಕಲಿಸೋರು ನಮ್ಮ ಪ್ರಯೋಗಾಲಯದಲ್ಲೂ ಇಲ್ಲ!" ಎಂದು ಕೂಗಿದಳು. ವಿಜ್ಞಾನಿಗಳು ಸಿಗರೇಟನ್ನು ಹೊಸಕಿ, ಟ್ಯಾಂಕಿನ ಮರೆಯಿಂದ ಇಣುಕಿದರು. ಆಚೆ ತಾರಸಿಯಲ್ಲಿ ಎಲ್ಲರೂ ಇದ್ದರು. ಹೆಂಡತಿ ಇರಲಿಲ್ಲ.

ಮನೆಯಲ್ಲಿ ಆಕೆ ಕಿಟಕಿಯ ಹತ್ತಿರ ಕೂತಿದ್ದರು. ಕೈಯಲ್ಲಿ ಅದೇ ಬಿಸಿನೀರಿನ ಲೋಟ. ವಿಜ್ಞಾನಿಗಳು ಬಾಗಿಲಲ್ಲೇ ನಿಂತರು. ಬೈಗುಳಕ್ಕೆ ತಯಾರಾಗಿ ಬಂದಿದ್ದರು, ಅದು ಬರಲಿಲ್ಲ.

"ನಾನು ನಿಜವಾಗ್ಲೂ ಬಿಟ್ಟಿದ್ದೆ" ಎಂದರು ಆಕೆ, ಬೀದಿಯ ಕಡೆಗೇ ನೋಡುತ್ತ. "ಅಕ್ಕನ ಮನೆಗೆ ಹೋದಾಗಲೂ ಕುಡೀಲಿಲ್ಲ. ಜ್ವರ ಬಂದಾಗಲೂ ಕುಡೀಲಿಲ್ಲ. ನೀವು ನೋಡ್ತಿಲ್ಲ ಅಂತ ಗೊತ್ತಿದ್ದೂ ಕುಡೀಲಿಲ್ಲ."

ವಿಜ್ಞಾನಿಗಳು ಜೇಬಿನಿಂದ ಪ್ಯಾಕೆಟ್ಟು ತೆಗೆದು ಮುರಿಯಲು ಹೋದರು.

"ಅದು ಮುರಿದಿದ್ದು ಒಂದು ಸಲ ನೋಡಿದ್ದೀನಿ" ಎಂದರು ಆಕೆ. "ಅಲ್ಲಿ ಇಡಿ. ನನ್ನ ವರ್ಷ ಮುಗೀತು. ನಿಮ್ಮದು ಇವತ್ತು ಶುರು. ಹೋಗಿ ಕಾಫಿ ಮಾಡ್ಕೊಂಡು ಬನ್ನಿ."

ವಿಜ್ಞಾನಿಗಳು ಅಡುಗೆಮನೆಗೆ ಹೋದರು. ಕಾಫಿಪುಡಿಯ ಡಬ್ಬಿ ಖಾಲಿ, ತೊಳೆದು ಕವುಚಿಟ್ಟಿತ್ತು. ಪಕ್ಕದ ಮನೆಯ ಬಾಗಿಲು ತಟ್ಟಿ ಪುಡಿ ಕೇಳಿ ತಂದರು. ಹಾಲು ಉಕ್ಕಿಸಿದರು, ಬೆರಳು ಸುಟ್ಟುಕೊಂಡರು, ಸಕ್ಕರೆ ಎಷ್ಟು ಎಂದು ಕೇಳಲು ಹೆದರಿ ಅಂದಾಜಿನಲ್ಲಿ ಸುರಿದರು. ಎರಡೂ ಕೈಯಲ್ಲಿ ಲೋಟ ಹಿಡಿದು ತಂದು ಆಕೆಯ ಮುಂದೆ ನಿಂತರು.

ಆಕೆ ಲೋಟವನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದರು. ಒಂದು ಗುಟುಕು ಕುಡಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು. ಅದು ಕಾಫಿಯ ಸುಖಕ್ಕೋ, ತಮ್ಮ ಮೇಲಿನ ಸಿಟ್ಟಿಗೋ ವಿಜ್ಞಾನಿಗಳಿಗೆ ಗೊತ್ತಾಗಲಿಲ್ಲ. ಲೋಟ ಖಾಲಿಯಾಗುವವರೆಗೂ ಅಲ್ಲೇ ನಿಂತಿದ್ದರು.